ಹೊಸಬರಿಗೆ ಠೇವಣಿಯ ಗುರಿ ಬೇಡ, ಸಾಲದ ಕಡತ ಕೊಡಿ

ಮಾನ್ಯ ಸಂಪಾದಕರೇ,

ಬಿ.ಕಾಂ. ಫಲಿತಾಂಶ ಬಂದ ಬೆನ್ನಿಗೇ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಹಕಾರ ಬ್ಯಾಂಕು, ಸೌಹಾರ್ದ ಸಹಕಾರಿಗಳ ಜಾಹೀರಾತು ಓಡಾಡತೊಡಗುತ್ತವೆ. ‘ಕಿರಿಯ ಸಹಾಯಕರು ಬೇಕಾಗಿದ್ದಾರೆ, ಸ್ಥಳೀಯರಿಗೆ ಆದ್ಯತೆ.’ ಸ್ಥಳೀಯರೇ ಏಕೆ ಬೇಕು ಎಂಬುದು ಒಳಗೆ ಹೋದ ಮೇಲೆ ತಿಳಿಯುತ್ತದೆ. ಅಂಥದೊಂದು ಜಾಹೀರಾತು ನೋಡಿ ಸಹಕಾರ ಬ್ಯಾಂಕೊಂದಕ್ಕೆ ಸೇರಿದವಳು ನಾನು. ಈ ವರ್ಷ ಅರ್ಜಿ ಹಾಕುತ್ತಿರುವವರೂ ಆಡಳಿತ ಮಂಡಳಿಗಳಲ್ಲಿ ಕೂತಿರುವ ಹಿರಿಯರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಸಂದರ್ಶನದಲ್ಲಿ ಲೆಕ್ಕಪತ್ರದ ಬಗ್ಗೆ ಕೇಳಿದ್ದು ಒಂದೆರಡು ಪ್ರಶ್ನೆ. ಉಳಿದದ್ದೆಲ್ಲ ಊರಿನ ವಿಚಾರ. ನಿಮ್ಮೂರಲ್ಲಿ ರೇಷ್ಮೆ ಹುಳು ಸಾಕುವ ಮನೆ ಎಷ್ಟಿವೆ? ನೆಂಟರಲ್ಲಿ ಮೇಷ್ಟ್ರು ಕೆಲಸದಿಂದ ನಿವೃತ್ತರಾದವರು ಯಾರಾದರೂ ಇದ್ದಾರಾ? ಭೂಸ್ವಾಧೀನದ ಪರಿಹಾರ ಬಂದಿರುವವರು? ಹಳ್ಳಿಯ ಬದುಕು ಗೊತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದಾರೆ ಅಂದುಕೊಂಡು ಉತ್ಸಾಹದಿಂದ ಉತ್ತರಿಸಿದೆ. ಅವರು ಆಗಲೇ ನನ್ನ ಬಂಧುಬಳಗದ ಠೇವಣಿಯನ್ನು ಕೂಡುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ಗುರಿ ಗೊತ್ತಾಯಿತು: ಪ್ರೊಬೇಷನ್ ಮುಗಿಯುವುದರೊಳಗೆ 20 ಲಕ್ಷ ರೂಪಾಯಿ ನಿಶ್ಚಿತ ಠೇವಣಿ ತರಬೇಕು. ನೇಮಕಾತಿ ಪತ್ರದಲ್ಲಿ ಅದರ ಸೊಲ್ಲೇ ಇಲ್ಲ. ಶನಿವಾರದ ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಕೇಳುತ್ತಾರೆ, ಅಷ್ಟೆ.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ದೊಡ್ಡಮ್ಮ ಎರಡು ಬೆಳೆ ರೇಷ್ಮೆ ಗೂಡು ಮಾರಿದ ದುಡ್ಡು ಜೋಡಿಸಿ ನನ್ನ ಕೈಗೆ ಕೊಟ್ಟರು. ಬಡ್ಡಿ ಎಷ್ಟು ಅಂತಲೂ ಕೇಳಲಿಲ್ಲ. ನಾನೇ ಹೇಳಲು ಹೋದರೆ, “ನೀನಿದ್ದೀಯಲ್ಲಮ್ಮಾ, ಇನ್ನೇನು ನೋಡೋದು” ಅಂದರು. ಅವರು ದುಡ್ಡು ಇಟ್ಟದ್ದು ನನ್ನ ಮುಖ ನೋಡಿ. ನಮ್ಮ ಬ್ಯಾಂಕಿನ ವಸೂಲಾಗದ ಸಾಲ ಎಷ್ಟಿದೆ, ನಿರ್ದೇಶಕರ ಸಂಬಂಧಿಕರಿಗೆ ಎಷ್ಟು ಸಾಲ ಹೋಗಿದೆ ಎಂಬುದು ಅವರಿಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೂ ಗೊತ್ತಿರಲಿಲ್ಲ, ಹೊಸಬರಿಗೆ ಅದನ್ನೆಲ್ಲ ಯಾರೂ ತೋರಿಸುವುದಿಲ್ಲ. ಬ್ಯಾಂಕಿನ ಒಳಗು ಕಾಣದವರನ್ನೇ ಬ್ಯಾಂಕಿನ ಜಾಮೀನಾಗಿ ಊರೂರಿಗೆ ಕಳಿಸುವುದು ಯಾವ ನ್ಯಾಯ?

ಬ್ಯಾಂಕು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರು ಮರೆತಿರಲಾರರು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆಮೇಲೆ ನಿಯಮಗಳು ಸುಧಾರಿಸಿವೆ. 2020ರ ಫೆಬ್ರುವರಿ 4ರಿಂದ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯಿಂದಾಗಿ ನಿರ್ಬಂಧ ಹೇರಿದ 90 ದಿನಗಳೊಳಗೆ ಆ ಮೊತ್ತ ಠೇವಣಿದಾರರ ಕೈಸೇರಬೇಕು. ಆದರೆ ಈ 5 ಲಕ್ಷದಲ್ಲಿ ಅಸಲೂ ಬಡ್ಡಿಯೂ ಸೇರಿರುತ್ತವೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಹಂಚಿ ಇಟ್ಟರೂ ಒಬ್ಬರ ಹೆಸರಿನಲ್ಲಿರುವುದನ್ನೆಲ್ಲ ಒಟ್ಟಿಗೇ ಎಣಿಸುತ್ತಾರೆ. ಪರಿಹಾರವಾಗಿ ಬಂದ 30 ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡಿಸಿಕೊಳ್ಳುವ ನಮ್ಮಂಥ ಹುಡುಗ ಹುಡುಗಿಯರು ಇದನ್ನು ಹೇಳುವುದಿಲ್ಲ. ಹೇಳಿದರೆ ಗುರಿ ಮುಟ್ಟುವುದಿಲ್ಲವಲ್ಲ!

ಇದಕ್ಕಿಂತ ಕಷ್ಟದ ಜಾಗದಲ್ಲಿರುವವರು ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಸೇರಿದ ನನ್ನ ಸಹಪಾಠಿಗಳು. 1959ರ ಸಹಕಾರ ಸಂಘಗಳ ಕಾಯ್ದೆಯಡಿಯೋ 1997ರ ಸೌಹಾರ್ದ ಕಾಯ್ದೆಯಡಿಯೋ ನೋಂದಣಿಯಾದ ಈ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವುದಿಲ್ಲ. ಅಲ್ಲಿಟ್ಟ ಠೇವಣಿಗೆ 5 ಲಕ್ಷದ ವಿಮೆಯೂ ಇಲ್ಲ, 5 ರೂಪಾಯಿಯ ವಿಮೆಯೂ ಇಲ್ಲ. ಇಂಥ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬಳಸುವಂತಿಲ್ಲ, ಸದಸ್ಯರಲ್ಲದವರಿಂದ ಠೇವಣಿ ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಎಚ್ಚರಿಸಿತ್ತು. ಚೆನ್ನಾಗಿ ನಡೆಯುತ್ತಿರುವ ಸಂಘಗಳು ಬೇಕಾದಷ್ಟಿವೆ, ಅವುಗಳನ್ನು ದೂರುತ್ತಿಲ್ಲ. ಆದರೆ ಜನರ ಬಾಯಲ್ಲಿ ಎಲ್ಲವೂ ‘ಬ್ಯಾಂಕೇ’. ಗಾಜಿನ ಕೌಂಟರು, ಪಾಸ್‌ಪುಸ್ತಕ, ಒಳಗೆ ಗೊತ್ತಿರುವ ಹುಡುಗಿ ಇದ್ದರೆ ಮುಗಿಯಿತು.

“ಠೇವಣಿ ತರದಿದ್ದರೆ ಸಂಬಳ ಎಲ್ಲಿಂದ ಕೊಡೋಣ?” ಎಂದು ಮೇಲಿನವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಬಡ್ಡಿ ಹುಟ್ಟುವುದು ಸಾಲದಿಂದ. ಒಳ್ಳೆಯ ಸಾಲಗಾರರನ್ನು ಗುರುತಿಸುವ ವಿದ್ಯೆಯನ್ನು ನಮಗೆ ಕಲಿಸುವವರೇ ಇಲ್ಲ. ಜತೆಗೆ ನೆಂಟಸ್ತಿಕೆಯ ಠೇವಣಿ ನಿಲ್ಲುವ ಠೇವಣಿಯಲ್ಲ. ನನ್ನ ಜತೆ ಸೇರಿದ ಹುಡುಗನೊಬ್ಬ ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆ ಪಾಸಾಗಿ ಗ್ರಾಮೀಣ ಬ್ಯಾಂಕಿಗೆ ಹೋದ. ಅವನ ಮಾವಂದಿರ ದುಡ್ಡೂ ಅವನ ಹಿಂದೆಯೇ ಹೋಯಿತು.

ನಾನು ಏನಾದರೂ ಕಲಿತಿದ್ದರೆ ಅದು ನಿವೃತ್ತಿಯ ಅಂಚಿನಲ್ಲಿರುವ ನಮ್ಮ ಅಕೌಂಟೆಂಟರಿಂದ. ಒಂದು ದಿನ ಅವರು ರೇಷ್ಮೆ ಸಾಲದ ಎರಡು ಕಡತಗಳನ್ನು ನನ್ನ ಮುಂದಿಟ್ಟು, “ಇದರಲ್ಲಿ ತಪ್ಪೇನಿದೆ ನೋಡಮ್ಮಾ” ಅಂದರು. ಒಂದು ಹುಳು ಸಾಕುವ ರೈತರದು, ಇನ್ನೊಂದು ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರದು. ಇಬ್ಬರಿಗೂ ಪ್ರತಿ ತಿಂಗಳ 5ನೇ ತಾರೀಕು ಕಂತು. ನನಗೆ ತಪ್ಪು ಕಾಣಲಿಲ್ಲ. ಅವರು ಬಿಡಿಸಿ ಹೇಳಿದರು. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ತಂದು ಗೂಡು ಬಿಡಿಸುವಷ್ಟರಲ್ಲಿ ಮೂರು ಮೂರೂವರೆ ವಾರ. ಆಮೇಲೆ ಹಿಪ್ಪುನೇರಳೆ ಮತ್ತೆ ಚಿಗುರಬೇಕು. ಹೀಗೆ ಒಂದು ತೋಟಕ್ಕೆ ವರ್ಷಕ್ಕೆ ಐದಾರು ಬೆಳೆ, ಚಳಿಯಲ್ಲಿ ಸುಣ್ಣಕಟ್ಟು ರೋಗ ಬಂದರೆ ಅದರಲ್ಲೂ ಒಂದು ಖೋತಾ. ಅಂಥವರಿಗೆ ತಿಂಗಳ ಕಂತು ಹಾಕಿದರೆ ಗೂಡಿಲ್ಲದ ತಿಂಗಳಲ್ಲಿ ಕೈಸಾಲ ಮಾಡಿ ಕಟ್ಟುತ್ತಾರೆ, ಇಲ್ಲವೇ ಸುಸ್ತಿದಾರರಾಗುತ್ತಾರೆ. ರೀಲರ್‌ಗಳ ಕಥೆ ಬೇರೆ. ಅವರು ಮಾರುಕಟ್ಟೆಯಲ್ಲಿ ಗೂಡಿಗೆ ಕೂಡಲೇ ದುಡ್ಡು ಕೊಡಬೇಕು, ನೂಲು ಮಾರಿ ದುಡ್ಡು ಬರುವುದು ತಡ. ಅವರಿಗೆ ಬೇಕಿರುವುದು ತೆಗೆದು ಕಟ್ಟುತ್ತಾ ಇರಬಹುದಾದ ಓವರ್‌ಡ್ರಾಫ್ಟು. ಒಂದೇ ಮಾರುಕಟ್ಟೆಯ ಎರಡು ಬದಿಗೆ ಎರಡು ಬೇರೆ ಪಂಚಾಂಗ. ಇದು ಗೊತ್ತಿಲ್ಲದೆ ಕೊಟ್ಟ ಸಾಲ ಬಾಕಿ ಬಿದ್ದು ವಸೂಲಾಗದ ಪಟ್ಟಿಗೆ ಸೇರಿದರೆ ತಪ್ಪು ರೈತರದಾಗುತ್ತದೆ.

ಆ ಅಕೌಂಟೆಂಟರೇ ನನ್ನನ್ನು ಒಂದಷ್ಟು ದಿನ ಪಿಗ್ಮಿ, ಅಂದರೆ ಅಂಗಡಿಯವರ ದಿನದ ಉಳಿತಾಯ, ಸಂಗ್ರಹಿಸುವವರ ಜತೆ ಪೇಟೆ ಸುತ್ತಲು ಕಳಿಸಿದರು. ಮೊದಲು ಬೇಜಾರಾಯಿತು, ಡಿಗ್ರಿ ಓದಿ ಪಿಗ್ಮಿಯಾ ಅಂತ. ದಿನಕ್ಕೆ 200 ಕಟ್ಟುತ್ತಿದ್ದ ಅಂಗಡಿಯವರು 50ಕ್ಕೆ ಇಳಿದರೆ, ಆಮೇಲೆ “ನಾಳೆ ಬನ್ನಿ” ಅನ್ನತೊಡಗಿದರೆ, ಅವರ ಸಾಲದ ಕಂತು ತಪ್ಪುವುದಕ್ಕೆ ಎಷ್ಟೋ ಮುಂಚೆಯೇ ವ್ಯಾಪಾರದ ಸ್ಥಿತಿ ತಿಳಿದುಹೋಗುತ್ತದೆ. ಕಂಪ್ಯೂಟರಿನ ಯಾವ ವರದಿಯೂ ಇದನ್ನು ಅಷ್ಟು ಬೇಗ ಹೇಳದು. ಅರ್ಧ ತೆಲುಗು, ಕಾಲು ಉರ್ದುವಿನಲ್ಲಿ ನಡೆಯುವ ನಮ್ಮ ಕಡೆಯ ಪೇಟೆಯಲ್ಲಿ ಆ ಮಾತುಗಳ ಹಿಂದಿನ ಸಂಕೋಚ ಅರ್ಥವಾಗಬೇಕಾದರೆ ಸ್ಥಳೀಯರೇ ಬೇಕು. ‘ಸ್ಥಳೀಯರಿಗೆ ಆದ್ಯತೆ’ ಅನ್ನುವುದಕ್ಕೆ ಸರಿಯಾದ ಕಾರಣ ಇದು.

1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು ರೈತರಿಗೆ ಸಾಲ ಸಿಗಲಿ ಎಂದು. ಪ್ರತಿ ವರ್ಷ ನವೆಂಬರಿನ ಸಹಕಾರ ಸಪ್ತಾಹದಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುವ ಆಡಳಿತ ಮಂಡಳಿಗಳು ಹೊಸಬರಿಗೆ ಮೊದಲ ಒಂದು ವರ್ಷವಾದರೂ ಠೇವಣಿಯ ಗುರಿ ಹಾಕದಿರಲಿ. ಆ ವರ್ಷ ಸಾಲದ ವಿಭಾಗದಲ್ಲಿ ಹಿರಿಯರೊಬ್ಬರ ಪಕ್ಕ ಕೂರಿಸಲಿ, ಸ್ಥಳ ಪರಿಶೀಲನೆಗೆ ಹೋಗುವಾಗ ಜತೆಗೆ ಕರೆದೊಯ್ಯಲಿ. ಗುರಿ ಹಾಕಲೇಬೇಕೆಂದಿದ್ದರೆ ಅದನ್ನು ನೇಮಕಾತಿ ಪತ್ರದಲ್ಲೇ ಬರೆದುಕೊಡಲಿ.

ಅರ್ಜಿ ಹಾಕುತ್ತಿರುವ ತಂಗಿ ತಮ್ಮಂದಿರು ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಲು ಹಿಂಜರಿಯಬಾರದು: ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯಾ, ಠೇವಣಿಗೆ ವಿಮೆ ಇದೆಯಾ? ಇಲ್ಲ ಅಂದರೆ ಕೆಲಸ ಬೇಡವೆಂದಲ್ಲ. ಮನೆಯವರ ಹತ್ತಿರ ದುಡ್ಡು ಕೇಳುವ ಮುಂಚೆ ಅದನ್ನು ಅವರಿಗೂ ಹೇಳಿಬಿಡಿ. ನಾನು ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರ ಠೇವಣಿ 5 ಲಕ್ಷದೊಳಗೇ ಇರುವುದರಿಂದ ಹಾಗೇ ಬಿಟ್ಟಿದ್ದಾರೆ.

ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ. ಪ್ರೊಬೇಷನ್ ಇನ್ನೂ ಮುಗಿದಿಲ್ಲ.

ಇತಿ,
ಸಹಕಾರ ಬ್ಯಾಂಕಿನ ಕಿರಿಯ ಸಹಾಯಕಿ
ಚಿಕ್ಕಬಳ್ಳಾಪುರ ಜಿಲ್ಲೆ