ಮೌಂಟನ್ ಬೈಕ್ ತಂಡ: ಮಗುವಿನ ಜೊತೆ ನೀವೂ ಸೇರಿ

ಪ್ರೀತಿಯ ಪೋಷಕರೇ,

ನಮಸ್ಕಾರ. ತರಗತಿಗಳು ಶುರುವಾದಾಗಿನಿಂದ ನಿಮ್ಮಲ್ಲಿ ಹಲವರು ನನ್ನ ಹತ್ತಿರ ಒಂದೇ ವಿಷಯ ಕೇಳುತ್ತಿದ್ದೀರಿ. ಮಗನಿಗೋ ಮಗಳಿಗೋ ಮೌಂಟನ್ ಬೈಕ್, ಅಂದರೆ ಗುಡ್ಡದ ದಾರಿಯಲ್ಲಿ ಸೈಕಲ್ ಓಡಿಸುವ ತಂಡ ಸೇರುವ ಆಸೆ. ಅದರ ರೇಸ್‌ಗಳು ವಾರಾಂತ್ಯದಲ್ಲಿ. ನಮ್ಮ ಕನ್ನಡ ತರಗತಿಯೂ ಭಾನುವಾರವೇ. ಯಾವುದನ್ನು ಬಿಡಬೇಕು ಎಂಬ ಚಿಂತೆ ನಿಮಗೆ.

ಎರಡನ್ನೂ ಬಿಡಬೇಡಿ. ತರಗತಿಯ ಹೊಂದಾಣಿಕೆ ನಮಗಿರಲಿ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಬೇರೆ: ಮಗುವನ್ನು ಮಾತ್ರ ತಂಡಕ್ಕೆ ಕಳಿಸಬೇಡಿ. ಮನೆಮಂದಿಯೆಲ್ಲ ಸೇರಿ.

ಈಜು, ಚೆಸ್, ಭರತನಾಟ್ಯ ಅಂತ ನಾವು ಮಕ್ಕಳನ್ನು ಬಿಟ್ಟು ಬರುತ್ತೇವೆ. ಕಾರಿನಲ್ಲೇ ಕೂತು ಆಫೀಸಿನ ಮೇಲ್ ನೋಡುತ್ತೇವೆ. ಗಂಟೆ ಆದಮೇಲೆ ಕರೆದುಕೊಂಡು ಮನೆಗೆ ಹೋಗುತ್ತೇವೆ. ಈ ಆಟ ಹಾಗೆ ನಡೆಯುವುದಿಲ್ಲ. ಮೈದಾನದಲ್ಲಾದರೆ ಎಲ್ಲ ಮಕ್ಕಳೂ ಕೋಚ್ ಕಣ್ಣೆದುರೇ ಇರುತ್ತಾರೆ. ಗುಡ್ಡದ ದಾರಿಯಲ್ಲಿ ಎರಡು ತಿರುವು ದಾಟಿದರೆ ಮುಂದೆ ಹೋದವರು ಕಾಣುವುದೇ ಇಲ್ಲ. ಹಾಗಾಗಿ ಮಕ್ಕಳನ್ನು ಅವರವರ ವೇಗಕ್ಕೆ ತಕ್ಕಂತೆ ಸಣ್ಣ ಸಣ್ಣ ಗುಂಪು ಮಾಡುತ್ತಾರೆ. ಗುಂಪಿನ ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು ಇರಬೇಕು. ಆ ದೊಡ್ಡವರು ಎಷ್ಟೋ ತಂಡಗಳಲ್ಲಿ ಅಪ್ಪ ಅಮ್ಮಂದಿರೇ. ಅವರು ಸಾಲದಿದ್ದರೆ ತಂಡಕ್ಕೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದೇ ಕಷ್ಟ.

ಮೌಂಟನ್ ಬೈಕಿಂಗ್ ಬೆಳೆದದ್ದು ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದಲ್ಲೇ. 1976ರಲ್ಲಿ ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಹತ್ತಿರದ ಗುಡ್ಡದಲ್ಲಿ ಕೆಲವು ಗೆಳೆಯರು ಹಳೇ ದಪ್ಪ ಟಯರಿನ ಸೈಕಲ್‌ಗಳಲ್ಲಿ ಇಳಿಯುವ ಪಂದ್ಯ ಶುರು ಮಾಡಿದರು. ಶಾಲಾ ಮಕ್ಕಳ ಲೀಗ್ ಹುಟ್ಟಿದ ಕತೆ ನನಗೆ ಇನ್ನೂ ಇಷ್ಟ, ಏಕೆಂದರೆ ಅದನ್ನು ಕಟ್ಟಿದವರು ಒಬ್ಬ ಮೇಷ್ಟ್ರು. ಬರ್ಕ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮ್ಯಾಟ್ ಫ್ರಿಟ್ಜಿಂಗರ್ ಮೊದಲು ತಮ್ಮ ಶಾಲೆಯಲ್ಲಿ ತಂಡ ಕಟ್ಟಿದರು. 2001ರಲ್ಲಿ ಅದು ನಾರ್‌ಕ್ಯಾಲ್ (ಉತ್ತರ ಕ್ಯಾಲಿಫೋರ್ನಿಯಾ) ಲೀಗ್ ಆಯಿತು. ಅದೇ ಮಾದರಿಯನ್ನು ಬೇರೆ ರಾಜ್ಯಗಳಿಗೂ ಒಯ್ಯಲು 2009ರಲ್ಲಿ ನೈಕಾ (NICA) ಎಂಬ ರಾಷ್ಟ್ರೀಯ ಸಂಸ್ಥೆ ಬಂತು. 2018ರಲ್ಲಿ ಕ್ರಾಸ್‌ಕಂಟ್ರಿ ವಿಶ್ವ ಚಾಂಪಿಯನ್ ಆದ ಕೇಟ್ ಕೋರ್ಟ್ನಿ ಹೈಸ್ಕೂಲಿನಲ್ಲಿ ಇದೇ ನಾರ್‌ಕ್ಯಾಲ್ ರೇಸ್‌ಗಳಲ್ಲಿ ಓಡಿಸಿದವರು.

6ರಿಂದ 12ನೇ ತರಗತಿಯ ಮಕ್ಕಳು ಸೇರಬಹುದು. ಇಲ್ಲಿ ಯಾರನ್ನೂ ಬೆಂಚಿನ ಮೇಲೆ ಕೂರಿಸುವುದಿಲ್ಲ. ರೇಸ್ ಮಾಡಬೇಕು ಅನ್ನುವ ಪ್ರತಿ ಮಗುವಿಗೂ ಸ್ಟಾರ್ಟ್ ಲೈನಿನಲ್ಲಿ ನಿಲ್ಲುವ ಅವಕಾಶ ಇದೆ. ಕೊನೆಗೆ ಬರುವ ಮಗುವಿಗೂ ಜನ ಅಷ್ಟೇ ಜೋರಾಗಿ ಕೂಗು ಹಾಕುತ್ತಾರೆ. ಬೇರೆ ಆಟಗಳ ಆಯ್ಕೆಯಲ್ಲಿ ಹೆಸರು ಬರದೆ ಮುಖ ಸಣ್ಣದು ಮಾಡಿಕೊಂಡ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ, ನಿಮಗೂ ಗೊತ್ತು. ಅವರನ್ನು ದಯವಿಟ್ಟು ಒಮ್ಮೆ ಇಲ್ಲಿಗೆ ಕರೆದೊಯ್ಯಿರಿ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ಬಿಸಿಲಿಗೆ ಕಪ್ಪಾಗ್ತಾಳೆ", "ಬಿದ್ದು ಗಾಯ ಮಾಡ್ಕೋತಾಳೆ", ಈ ಮಾತು ನನ್ನ ಕಿವಿಗೂ ಬಿದ್ದಿದೆ. ಈ ಕಾರಣಕ್ಕೆ ಮಗಳನ್ನು ತಡೆಯಬೇಡಿ. ಲೀಗ್‌ನಲ್ಲಿ ತಂಡದ ಅಂಕಕ್ಕೆ ಹುಡುಗರ ಫಲಿತಾಂಶ ಮಾತ್ರ ಸಾಲದು, ಹುಡುಗಿಯರದ್ದೂ ಬೇಕು. ಹುಡುಗಿಯರಿಗೆಂದೇ ಗ್ರಿಟ್ ಎಂಬ ಕಾರ್ಯಕ್ರಮವೂ ಇದೆ. ಅಮ್ಮಂದಿರು ಸೈಕಲ್ ಹತ್ತಿ ಬಂದರೆ ಹೊಸ ಹುಡುಗಿಯರ ಅಂಜಿಕೆ ಬೇಗ ಹೋಗುತ್ತದೆ. ಸೈಕ್ಲಿಂಗ್ ನಮ್ಮವರ ಆಟವಲ್ಲ ಅನ್ನುವವರಿಗೂ ಒಂದು ಮಾತು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೇ ನಡೆದಿದೆ.

ಬೀಳುವ ಭಯ ಸುಳ್ಳಲ್ಲ. ಮೊಣಕೈ ತರಚುತ್ತದೆ, ಅಪರೂಪಕ್ಕೆ ಮೂಳೆಯೂ ಮುರಿಯುತ್ತದೆ. ಅದಕ್ಕೇ ವೇಗಕ್ಕಿಂತ ಮೊದಲು ಹಿಡಿತ ಕಲಿಸುತ್ತಾರೆ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಎರಡೂ ಪೆಡಲ್ ಸಮ ಇಟ್ಟು ನಿಲ್ಲುವುದು, ಒಂದೇ ಬೆರಳಿನಲ್ಲಿ ಬ್ರೇಕ್ ಹಿಡಿಯುವುದು, ಮುಂದಿನ ಚಕ್ರ ಬಿಟ್ಟು ದೂರದ ದಾರಿ ನೋಡುವುದು. ತಲೆಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೆ ಸಾಕು, ಮಗುವನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಡಾಕ್ಟರ್ ಒಪ್ಪದೆ ಮತ್ತೆ ಬಿಡುವುದಿಲ್ಲ. "ಏನೂ ಆಗಿಲ್ಲ, ಬಿಡಿ" ಎಂದು ನೀವು ಒತ್ತಾಯ ಮಾಡಬೇಡಿ. ನಮ್ಮ ಗುಡ್ಡಗಳಲ್ಲಿ ಪಾಯ್ಸನ್ ಓಕ್ ಗಿಡ ಜಾಸ್ತಿ, ಮುಟ್ಟಿದರೆ ತುರಿಕೆ ಮತ್ತು ಗುಳ್ಳೆ. ಮೂರು ಮೂರು ಎಲೆಯ ಆ ಗಿಡವನ್ನು ಮಕ್ಕಳಿಗೆ ಮೊದಲೇ ತೋರಿಸಿಕೊಡಿ. ಮನೆಗೆ ಬಂದ ಮೇಲೆ ಉಣ್ಣಿ ಹುಳ ಕಚ್ಚಿದೆಯಾ ಅಂತಲೂ ನೋಡಿ.

ಖರ್ಚಿನ ವಿಷಯಕ್ಕೆ ಹಿಂಜರಿಯಬೇಡಿ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ ಹಾರ್ಡ್‌ಟೇಲ್ ಸೈಕಲ್ ಹೊಸಬರಿಗೆ ಧಾರಾಳ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಎಷ್ಟೋ ತಂಡಗಳು ಸೈಕಲನ್ನು ಎರವಲು ಕೊಡುತ್ತವೆ, ಫೀ ಕಡಿಮೆ ಮಾಡುತ್ತವೆ, ನಾಚಿಕೊಳ್ಳದೆ ಕೇಳಿ. ಹೆಲ್ಮೆಟ್ ಮಾತ್ರ ಹೊಸದೇ ಇರಲಿ.

ಮಕ್ಕಳ ಜೊತೆ ಸವಾರಿಗೆ ಹೋಗುವ ಪೋಷಕರು ಹೆಸರು ನೋಂದಾಯಿಸಬೇಕು, ಬ್ಯಾಕ್‌ಗ್ರೌಂಡ್ ಚೆಕ್ ಮತ್ತು ತಲೆ ಪೆಟ್ಟಿನ ಬಗ್ಗೆ ಆನ್‌ಲೈನ್ ತರಬೇತಿ ಮುಗಿಸಬೇಕು. ಸೈಕಲ್ ಬಾರದವರಿಗೂ ಕೆಲಸ ಬೇಕಾದಷ್ಟಿದೆ. ಟೆಂಟ್ ಹಾಕುವುದು, ತಿರುವಿನಲ್ಲಿ ನಿಂತು ದಾರಿ ತೋರಿಸುವುದು, ನೀರು ತುಂಬುವುದು, ಅಡುಗೆ. ಊರಿನಿಂದ ಬಂದ ಅಜ್ಜಿ ತಾತ ಮನೆಯಲ್ಲಿ ಸುಮ್ನೆ ಕೂರುವ ಬದಲು ರೇಸ್‌ಗೆ ಬರಲಿ. ಮಾಂಟೆರೆ ಹತ್ತಿರದ ಫೋರ್ಟ್ ಆರ್ಡ್ ಗುಡ್ಡಗಳು ವಸಂತದಲ್ಲಿ ತುಂಬ ಚಂದ. ಚಿತ್ರಾನ್ನ, ಮೊಸರನ್ನದ ಡಬ್ಬಿ ತೆಗೆದರೆ ತಂಡದ ಬೇರೆ ಮಕ್ಕಳೂ ತಟ್ಟೆ ಹಿಡಿದು ಬರುತ್ತಾರೆ. ಅಲ್ಲಿ ನಿಮ್ಮ ಮಗುವಿನ ಜೊತೆ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಹುರಿದುಂಬಿಸಿ. ನಾಲ್ಕು ಗೋಡೆಯ ಒಳಗೆ ನಾವು ಕಲಿಸುವ ಭಾಷೆಗೆ ಇಂಥ ಜಾಗಗಳು ಬೇಕು ಅಲ್ವಾ?

ಮಕ್ಕಳಿಗೆ ಒಂದು ಶಿಸ್ತನ್ನು ನೀವೂ ನೆನಪಿಸಿ: ಕಾಲುದಾರಿಯಲ್ಲಿ ನಡೆಯುವವರಿಗೆ, ಕುದುರೆ ಸವಾರರಿಗೆ ಸೈಕಲ್‌ನವರು ದಾರಿ ಬಿಡಬೇಕು. ಮಳೆ ಬಂದು ದಾರಿ ಕೆಸರಾಗಿದ್ದರೆ ಸವಾರಿ ಬೇಡ.

ಇನ್ನು ನಮ್ಮ ಶಾಲೆಯ ಏರ್ಪಾಡು. ರೇಸ್ ಇರುವ ಭಾನುವಾರ ಬರಲಾಗದ ಮಕ್ಕಳು ಅದೇ ವಾರದ ಬುಧವಾರ ಸಂಜೆಯ ಆನ್‌ಲೈನ್ ತರಗತಿಗೆ ಬಂದರೆ ಹಾಜರಿ ಸಿಗುತ್ತದೆ. ರೇಸ್ ದಿನಗಳ ಪಟ್ಟಿಯನ್ನು ತರಗತಿ ಶಿಕ್ಷಕರಿಗೆ ಮೊದಲೇ ಕೊಡಿ. ಯುಗಾದಿ ಕಾರ್ಯಕ್ರಮ ರೇಸ್‌ಗಳ ನಡುವೆಯೇ ಬರುವುದರಿಂದ ಈ ಮಕ್ಕಳಿಗೆ ನಾಟಕದ ಬದಲು ಸಮೂಹ ಗಾಯನದಲ್ಲಿ ಪಾತ್ರ ಕೊಡುತ್ತೇವೆ. ಅದಕ್ಕೆ ತಾಲೀಮು ಕಡಿಮೆ ಸಾಕು.

ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ, ಈಗಾಗಲೇ ತಂಡಗಳಲ್ಲಿರುವ ನಮ್ಮ ಕೆಲವು ಪೋಷಕರು ಪಾರ್ಕಿಂಗ್ ಜಾಗದಲ್ಲಿ ಸಿಗುತ್ತಾರೆ. ಮನೆಯಲ್ಲಿ ಸೈಕಲ್ ಇದ್ದರೆ ತನ್ನಿ, ಬ್ರೇಕ್ ಮತ್ತು ಸೀಟಿನ ಎತ್ತರ ನೋಡಿ ಹೇಳುತ್ತಾರೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ