ಗೆಳೆಯನಿಗೊಂದು ಪತ್ರ: ನಾನು ನೋಡದೇ ಬಿಟ್ಟ ನಡುಬಿಂದು

ಪ್ರೀತಿಯ ಗೆಳೆಯಾ,

"ಹತ್ತು ವರ್ಷ ಹರಳು ನೋಡಿದವನು ಈಗ ಹೋಗಿ ಅ ಆ ಇ ಈ ತಿದ್ದುತ್ತೀಯಾ?" ಅಂತ ನಕ್ಕೆಯಲ್ಲ, ಹೌದು ಮಾರಾಯ, ಅದನ್ನೇ ತಿದ್ದಿ ಬಂದೆ. ಐದು ದಿನದ ಕ್ರಿಸ್ಟಲೋಗ್ರಫಿ ತರಬೇತಿ, ಅಂದರೆ ಹರಳಿನ ಒಳರಚನೆ ಓದುವ ವಿದ್ಯೆ. ತರಗತಿಯಲ್ಲಿ ತಲೆ ಬೆಳ್ಳಗಾದವರು ನಾನು ಮತ್ತು ಇನ್ನೊಬ್ಬರು, ಇಬ್ಬರೇ. ಉಳಿದವರೆಲ್ಲ ಆಗಷ್ಟೇ ಸಂಶೋಧನೆಗೆ ಸೇರಿದ ಹುಡುಗ ಹುಡುಗಿಯರು.

ಯಾಕೆ ಹೋದೆ ಅಂತ ನಿನಗೆ ಹೇಳಿರಲಿಲ್ಲ. ನಾಚಿಕೆ, ಮತ್ತೇನು. ಕಳೆದ ವರ್ಷ ಕಳಿಸಿದ ಲೇಖನ ವಾಪಸ್ ಬಂದಿತ್ತು. ಹರಳು ಚೆನ್ನಾಗಿತ್ತು, ಆರ್ ಫ್ಯಾಕ್ಟರ್ (ನಮ್ಮ ಮಾದರಿ ಅಳತೆಗೆ ಎಷ್ಟು ಹೊಂದಲಿಲ್ಲ ಅನ್ನುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) ಶೇ. 5ಕ್ಕಿಂತ ಕಡಿಮೆ ಇತ್ತು, ಚಿತ್ರವೂ ಮುದ್ದಾಗಿತ್ತು. ಪರಿಶೀಲಿಸಿದವರು ಬರೆದದ್ದು ಒಂದೇ ಸಾಲು: ಸ್ಪೇಸ್ ಗ್ರೂಪ್ (ಹರಳಿನೊಳಗೆ ಅಣುಗಳು ಮತ್ತೆ ಮತ್ತೆ ಬರುವ ಬಗೆ) ಸಿಸಿ ಅಲ್ಲ, ಸಿ2 ಬೈ ಸಿ ಇರಬೇಕು, ನೋಡಿ. ನಾನು ಎರಡು ದಿನ ಆ ಸಾಲನ್ನೇ ನೋಡುತ್ತಾ ಕೂತೆ. ಸಾಫ್ಟ್‌ವೇರ್ ಸಿಸಿ ಅಂದಿತ್ತು, ನಾನು ಹೂಂ ಅಂದಿದ್ದೆ. ಅಷ್ಟೇ ನನ್ನ ಹತ್ತು ವರ್ಷದ ವಿದ್ಯೆ.

ಮೊದಲ ದಿನ ಎಕ್ಸ್-ರೇ ಯಂತ್ರದ ಮುಖವನ್ನೇ ತೋರಿಸಲಿಲ್ಲ. ಕಾಗದ, ಪೆನ್ಸಿಲ್, ಅಂಗೈಯಗಲದ ಒಂದು ಕನ್ನಡಿ. ಟೈಲ್ಸ್ ಮೇಲಿರುತ್ತಲ್ಲ, ಅಂಥ ಮಾದರಿಗಳನ್ನು ಅಚ್ಚು ಹಾಕಿ ಕೊಟ್ಟರು. "ಚಿತ್ರ ಮರೆತುಬಿಡಿ. ಅದು ಎಲ್ಲೆಲ್ಲಿ ಮತ್ತೆ ಬರುತ್ತದೋ ಅಲ್ಲೆಲ್ಲ ಒಂದು ಚುಕ್ಕೆ ಇಡಿ," ಅಂದರು ಪಾಠ ಮಾಡಿದ ಹಿರಿಯರು. ಚುಕ್ಕೆ ಇಟ್ಟು ಮುಗಿದಾಗ ಕಾಗದದ ಮೇಲೆ ಲ್ಯಾಟಿಸ್ ಕೂತಿತ್ತು. ಆಮೇಲೆ ಕನ್ನಡಿ ಇಟ್ಟು ನೋಡು, ಕಾಗದ ತಿರುಗಿಸಿ ನೋಡು. ಎಂಥ ಚಿತ್ರವನ್ನಾದರೂ ಬರಿ, ಸಮತಲದಲ್ಲಿ ಅದು ಮತ್ತೆ ಮತ್ತೆ ಬರುವ ಬಗೆ 17 ಮಾತ್ರ. ಮೂರು ಆಯಾಮಕ್ಕೆ ಹೋದರೆ 230, ಅವೇ ಸ್ಪೇಸ್ ಗ್ರೂಪ್‌ಗಳು. ಈ 230 ಅನ್ನುವ ಸಂಖ್ಯೆಯನ್ನು ನಾವಿಬ್ಬರೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ? ಫೆಡೊರೊವ್ ಮತ್ತು ಶೋನ್‌ಫ್ಲೀಸ್ ಅದನ್ನು ಲೆಕ್ಕ ಹಾಕಿದ್ದು 1891ರ ಸುಮಾರಿಗೆ. ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ನೋಡಿದ್ದು 1912ರಲ್ಲಿ. ಅಂದರೆ ಒಳಗೆ ಏನಿದೆ ಅಂತ ಯಾರೂ ನೋಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಅಲ್ಲಿ ಏನೇನು ಇರಬಹುದು ಅನ್ನುವ ಪಟ್ಟಿ ಪೂರ್ತಿ ತಯಾರಿತ್ತು. ಇದನ್ನು ಕೇಳಿ ನಾನು ಬರೆಯುವುದನ್ನೇ ನಿಲ್ಲಿಸಿದೆ.

ಬದಿ, ಕೋನ ಎಲ್ಲ ಸಮ ಇರುವ ಐದು ಮೂಲೆಯ ಕಾಗದದ ತುಂಡುಗಳನ್ನೂ ಕೊಟ್ಟಿದ್ದರು, ಸಂದಿ ಬಿಡದೆ ಜೋಡಿಸಿ ಅಂತ. ಆಗುವುದಿಲ್ಲ, ಎಲ್ಲೋ ಒಂದು ಕಡೆ ಸಂದಿ ಉಳಿದೇ ಉಳಿಯುತ್ತದೆ. ಅದಕ್ಕೇ ಮತ್ತೆ ಮತ್ತೆ ಬರುವ ಜೋಡಣೆಗೆ ಐದರ ಸುತ್ತು (ಐದನೇ ಒಂದು ಸುತ್ತು ತಿರುಗಿಸಿದರೂ ಹಾಗೇ ಕಾಣುವುದು) ಹೊಂದುವುದಿಲ್ಲ, ಹತ್ತರದೂ ಅಷ್ಟೇ. 1982ರಲ್ಲಿ ವಿಜ್ಞಾನಿ ಶೆಕ್ಟ್‌ಮನ್ ಒಂದು ಮಿಶ್ರಲೋಹ ಚದುರಿಸಿದ ಕಿರಣಗಳಲ್ಲಿ ಹತ್ತರ ಸುತ್ತಿನ ಚುಕ್ಕೆಗಳನ್ನು ಕಂಡಾಗ ಜನ ನಂಬದೇ ಇದ್ದದ್ದು ಯಾಕೆ ಅಂತ, ಆ ಕಾಗದದ ತುಂಡುಗಳ ಜೊತೆ ಅರ್ಧ ಗಂಟೆ ಗುದ್ದಾಡಿದ ಮೇಲೆ ನನಗೆ ಗೊತ್ತಾಯಿತು. ಅವನಿಗೆ ನೊಬೆಲ್ ಬಂದಿದ್ದು 2011ರಲ್ಲಿ.

ಎರಡನೇ ದಿನ ಉಪ್ಪು. ತಾಮ್ರದ ಟ್ಯೂಬಿನ ಎಕ್ಸ್-ರೇ, ಅಲೆಯುದ್ದ 1.54 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ). ಜೋರಾದ ಗೆರೆ ಬಿದ್ದಿದ್ದು 31.7 ಡಿಗ್ರಿಯಲ್ಲಿ. ಇಷ್ಟೇ ಕೊಟ್ಟು ಉಪ್ಪಿನ ಯೂನಿಟ್ ಸೆಲ್ (ಮತ್ತೆ ಮತ್ತೆ ಬರುವ ಪುಟ್ಟ ಪೆಟ್ಟಿಗೆ) ಎಷ್ಟು ದೊಡ್ಡದು ಹೇಳಿ ಅಂದರು. ಬ್ರ್ಯಾಗ್ ನಿಯಮ ನಿನಗೆ ಗೊತ್ತೇ ಇದೆ: ಪದರಗಳ ಅಂತರದ ಎರಡರಷ್ಟನ್ನು ಕೋನದ ಸೈನ್‌ನಿಂದ ಗುಣಿಸಿದರೆ ಅಲೆಯುದ್ದದ ಪೂರ್ಣ ಮಡಿ ಬರಬೇಕು. ನಾನು 31.7ನ್ನು ಹಾಗೇ ಹಾಕಿ ಗುಣಿಸಿದೆ. ಅದು ಕೋನದ ಎರಡರಷ್ಟು ಅನ್ನುವುದೇ ಮರೆತಿತ್ತು! ಪಕ್ಕದ ಹುಡುಗಿ ಏನೂ ಹೇಳದೆ ನನ್ನ ಕಾಗದದ ಮೇಲೆ ಭಾಗಿಸು ಎರಡು ಅಂತ ಬರೆದಳು. ಪದರಗಳ ಅಂತರ 2.82 ಬಂತು, ಅದರ ಎರಡರಷ್ಟು ಸೆಲ್‌ನ ಅಂಚು 5.64 ಆಂಗ್‌ಸ್ಟ್ರಾಮ್. ಒಳಗೆ ನಾಲ್ಕು ಸೋಡಿಯಂ, ನಾಲ್ಕು ಕ್ಲೋರಿನ್ ಇವೆ ಅಂದುಕೊಂಡು ಸಾಂದ್ರತೆ ಲೆಕ್ಕ ಹಾಕಿದರೆ ಘನ ಸೆಂಟಿಮೀಟರಿಗೆ 2.16 ಗ್ರಾಂ. ಪುಸ್ತಕದಲ್ಲಿ ಇರುವುದೂ ಅದೇ. ಒಂದು ಕೋನ, ಒಂದು ತಕ್ಕಡಿ, ಮುಗಿಯಿತು ನೋಡು. ತಂದೆ ಮಗ ಇಬ್ಬರಲ್ಲಿ ಕಿರಿಯ ಬ್ರ್ಯಾಗ್ ಆ ನಿಯಮ ಕಂಡುಹಿಡಿದಾಗ ಅವನಿಗೆ 22 ವರ್ಷ. ನಾನು ಆ ವಯಸ್ಸಲ್ಲಿ ಏನು ಮಾಡುತ್ತಿದ್ದೆ ಅಂತ ನಿನಗೆ ಗೊತ್ತು, ಇಲ್ಲಿ ಬರೆಯುವುದು ಬೇಡ.

ಮೂರನೇ ದಿನ ಮೈಕ್ರೋಸ್ಕೋಪು. ಇದನ್ನು ಸ್ವಲ್ಪ ಜಾಸ್ತಿನೇ ಹೇಳುತ್ತೇನೆ. ಎಣ್ಣೆಯ ಹನಿಯಲ್ಲಿ ನೂರಾರು ಹರಳು. ನಾವೆಲ್ಲ ದೊಡ್ಡದು, ಹೊಳೆಯುವುದು ಯಾವುದು ಅಂತ ಹುಡುಕುತ್ತೇವೆ, ಅಲ್ವಾ? ಅವರು ಎರಡು ಪೋಲರೈಸರ್‌ಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳನ್ನು) ಅಡ್ಡಡ್ಡ ಇಟ್ಟು, ತಟ್ಟೆಯನ್ನು ನಿಧಾನಕ್ಕೆ ತಿರುಗಿಸಿ ಅಂದರು. ಒಳ್ಳೆಯ ಒಂಟಿ ಹರಳು ಪ್ರತಿ 90 ಡಿಗ್ರಿಗೆ ಒಮ್ಮೆ ದೀಪ ಆರಿದ ಹಾಗೆ ಇಡಿಯಾಗಿ ಕಪ್ಪಾಗುತ್ತದೆ. ನಾನು ಆರಿಸಿದ್ದ ಚೆಂದದ ಹರಳು ಅರ್ಧ ಕಪ್ಪಾಯಿತು, ಇನ್ನರ್ಧ ಬೆಳಗುತ್ತಲೇ ಇತ್ತು. ನಡುವೆ ದಾರ ಎಳೆದ ಹಾಗೆ ನೇರ ಗೆರೆ. ಅವಳಿ! ಬರಿಗಣ್ಣಿಗೆ ಒಂದು, ಒಳಗೆ ಎರಡು. ಪಕ್ಕದಲ್ಲೇ 0.2 ಮಿಲಿಮೀಟರಿನ ಒಂದು ಪೆದ್ದು ತುಂಡು ಬಿದ್ದಿತ್ತು. ಅದು ಪೂರ್ತಿ ಆರಿ ಪೂರ್ತಿ ಹೊತ್ತಿತು. ಅದನ್ನೇ ನೈಲಾನ್ ಕುಣಿಕೆಯಲ್ಲಿ ಎತ್ತಿ ತಣ್ಣನೆಯ ನೈಟ್ರೋಜನ್ ಗಾಳಿಗೆ ಹಿಡಿದೆವು. ನಮ್ಮ ಲ್ಯಾಬಿನಲ್ಲಿ ಎಷ್ಟು ಡೇಟಾವನ್ನು ಯಂತ್ರ ಸರಿಯಿಲ್ಲ ಅಂತ ಬೈದು ಎಸೆದಿದ್ದೇವೆ, ಲೆಕ್ಕ ಇಟ್ಟಿದ್ದೀಯಾ?

ಪೌಡರ್ ಡಿಫ್ರಾಕ್ಷನ್ (ಹರಳಿನ ಪುಡಿಯ ಮೇಲೆ ಎಕ್ಸ್-ರೇ ಬಿಡುವುದು) ಬಗ್ಗೆಯೂ ಒಂದು ಮಧ್ಯಾಹ್ನ ಪಾಠ ಇತ್ತು. ಅರ್ಧ ತೂಕಡಿಸಿದೆ, ಅದರ ಬಗ್ಗೆ ಕೇಳಬೇಡ.

ನಾಲ್ಕನೇ ದಿನದ ಫೇಸ್ (ಅಲೆಯ ಹಂತ) ಪಾಠ ಮಾತ್ರ ಇನ್ನೂ ತಲೆಯಲ್ಲಿ ತಿರುಗುತ್ತಿದೆ. ಹರಳು ಚದುರಿಸಿದ ಎಕ್ಸ್-ರೇ ಬೀಳುವ ಚುಕ್ಕೆ ಎಷ್ಟು ಪ್ರಕಾಶವಾಗಿದೆ ಅಂತ ಯಂತ್ರ ಅಳೆಯುತ್ತದೆ, ಅಲೆ ಯಾವ ಹಂತದಲ್ಲಿ ಬಂತು ಅನ್ನುವುದನ್ನು ಅಳೆಯುವುದಿಲ್ಲ. ಸರಿ, ಇಷ್ಟು ಗೊತ್ತಿತ್ತು. ಅವರು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೆಗೆದುಕೊಂಡರು, ಒಂದು ಮುಖ, ಒಂದು ಗಡಿಯಾರ. ಎರಡನ್ನೂ ಫೂರಿಯೇ ಅಲೆಗಳಾಗಿ ಬಿಡಿಸಿದರು. ಮುಖದ ಅಲೆಗಳ ಪ್ರಕಾಶಕ್ಕೆ ಗಡಿಯಾರದ ಅಲೆಗಳ ಫೇಸ್ ಜೋಡಿಸಿ ಮತ್ತೆ ಚಿತ್ರ ಮಾಡಿದರು. ಪರದೆಯ ಮೇಲೆ ಮುಖವೇ ಇಲ್ಲ, ಕಲೆ ಕಲೆಯಾಗಿ ಗಡಿಯಾರ! ಅಂದರೆ ನಾವು ಅಳೆದು ತರುವುದಕ್ಕಿಂತ, ಅಳೆಯದೇ ಬಿಟ್ಟು ಆಮೇಲೆ ಊಹಿಸಿ ತುಂಬುವುದೇ ಚಿತ್ರವನ್ನು ಜಾಸ್ತಿ ಆಳುತ್ತದೆ. ಆ ಊಹೆಯನ್ನು ಗಣಿತದಿಂದ ಮಾಡುವ ದಾರಿ ತೋರಿಸಿದ್ದಕ್ಕೇ ಹಾಪ್ಟ್‌ಮನ್ ಮತ್ತು ಕಾರ್ಲ್‌ಗೆ 1985ರ ನೊಬೆಲ್ ಬಂದಿದ್ದು. ನಾವು ಅವರ ದುಡಿಮೆಯನ್ನು ಒಂದು ಬಟನ್ ಅಂದುಕೊಂಡಿದ್ದೆವು.

ಕೊನೆಯ ದಿನ ಅವರವರ ಡೇಟಾ ತೆರೆಯಿರಿ ಅಂದರು. ನಾನು ವಾಪಸ್ ಬಂದ ಆ ಹರಳನ್ನೇ ತೆಗೆದೆ. ಸಿಸಿ, ಸಿ2 ಬೈ ಸಿ, ಎರಡರಲ್ಲೂ ಕಾಣೆಯಾಗುವ ಚುಕ್ಕೆಗಳು ಒಂದೇ. ಅದನ್ನು ನೋಡಿ ಯಾರೂ ಬೇರೆ ಮಾಡಲಾರರು. ಇರುವ ವ್ಯತ್ಯಾಸವೆಂದರೆ ನಡುವಿನ ಒಂದು ಬಿಂದು. ಈ ಕಡೆಯ ಪ್ರತಿ ಪರಮಾಣುವಿಗೂ ಆ ಬಿಂದುವಿನ ಆಚೆ, ಅಷ್ಟೇ ದೂರದಲ್ಲಿ, ಒಂದು ಜೊತೆ. ಸಿಸಿಯಲ್ಲಿ ಆ ಬಿಂದು ಇಲ್ಲ. ಹಾಗಾಗಿ ನಾನು ಎರಡು ಬೇರೆ ಬೇರೆ ಅಣುಗಳಿವೆ ಅಂತ ಬರೆದಿದ್ದೆ. ಹಿರಿಯರು ಹಿಂದೆ ಬಂದು ನಿಂತರು. "ಬೆಂಜೀನ್ ಉಂಗುರದ ಬದಿಗಳ ಉದ್ದ ಓದಿ," ಅಂದರು. ಒಂದು ಅಣುವಿನಲ್ಲಿ 1.34 ಆಂಗ್‌ಸ್ಟ್ರಾಮ್, ಇನ್ನೊಂದರಲ್ಲಿ ಅದೇ ಜಾಗದಲ್ಲಿ 1.44. ಇರಬೇಕಾದ್ದು 1.39. ಉಂಗುರ ಚಪ್ಪಟೆ, ಆರೂ ಬದಿ ಸಮ ಅಂತ ಕ್ಯಾಥ್ಲೀನ್ ಲಾನ್ಸ್‌ಡೇಲ್ 1929ರಲ್ಲೇ ತೋರಿಸಿಕೊಟ್ಟಿದ್ದಳು. ನಾನು ಮಾತ್ರ ಸೊಟ್ಟ ಉಂಗುರ ನೋಡಿ ಏನೋ ಹೊಸದು ಸಿಕ್ಕಿತು ಅಂತ ಲೇಖನದಲ್ಲಿ ಒಂದು ಪ್ಯಾರಾ ಬರೆದಿದ್ದೆ!

ಇನ್ನೊಂದು ಸಂಖ್ಯೆಯ ಮೇಲೆ ಬೆರಳಿಟ್ಟರು. ಪ್ರಕಾಶಗಳ ಹರಡಿಕೆಯ ಸರಾಸರಿ. ನಡುಬಿಂದು ಇದ್ದರೆ ಅದು 0.968ರ ಹತ್ತಿರ ಇರಬೇಕು, ಇಲ್ಲದಿದ್ದರೆ 0.736ರ ಹತ್ತಿರ. ನನ್ನ ಫೈಲಿನಲ್ಲಿ 0.95 ಅಂತ ಮೊದಲ ದಿನದಿಂದ ಬರೆದೇ ಇತ್ತು. ಒಂದು ವರ್ಷದಲ್ಲಿ ಆ ಸಾಲಿನವರೆಗೆ ನಾನು ಕೆಳಗೆ ಇಳಿದಿರಲೇ ಇಲ್ಲ. ಸ್ಪೇಸ್ ಗ್ರೂಪ್ ಬದಲಿಸಿ ಮತ್ತೆ ಓಡಿಸಿದೆ. ಎರಡು ಅಣು ಹೋಗಿ ಒಂದಾಯಿತು, ಉಂಗುರ ನೆಟ್ಟಗಾಯಿತು. ಆರ್ ಫ್ಯಾಕ್ಟರ್ ಒಂದು ಕೂದಲು ಜಾಸ್ತಿಯೇ ಆಯಿತು ಅನ್ನು. ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ.

ಅದಿರಲಿ. ನಿನ್ನ ಆ ಹಳದಿ ಹರಳಿನದೂ ಸಿಸಿ ಅಂತಲೇ ಅಲ್ವಾ ನಾವು ಬರೆದಿದ್ದು? ಡೇಟಾ ಇನ್ನೂ ಇದ್ದರೆ ಕಳಿಸು. ಕೊನೆಯ ಫೈಲ್ ಒಂದೇ ಬೇಡ, ಚುಕ್ಕೆಗಳ ಚಿತ್ರಗಳ ಸಮೇತ ಪೂರ್ತಿ ಕಳಿಸು. ಸುಮ್ನೆ ಒಮ್ಮೆ ನೋಡೋಣ.

ನಿನ್ನ,
ಹಳೇ ಬೆಂಚಿನ ಜೊತೆಗಾರ