ಎಂಜಿನ್ ಬದಲಾವಣೆಯ ಕೆಲಸದ ಹೊಸ ನಿಯಮ: ನಮ್ಮ ಗ್ಯಾರೇಜಿನ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ರಸ್ತೆಯಲ್ಲಿ ಓಡಿಸುವ ಯಾವ ಸ್ಪೋರ್ಟ್ಸ್ ಕಾರಿಗೂ ನಾವು ಎಂಜಿನ್ ಒಂದನ್ನೇ ಕೂರಿಸಿ ಕೊಡುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಶಿಯಲ್‌ನ ಕ್ರೌನ್-ಪಿನಿಯನ್ (ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ), ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸಹಿತ ಪೂರ್ತಿ ಎಕ್ಸಾಸ್ಟ್, ವೈರಿಂಗ್, ಕೊನೆಯಲ್ಲಿ ರಸ್ತೆಯ ಮೇಲಿನ ಟ್ಯೂನಿಂಗ್, ಇವೆಲ್ಲವೂ ಇನ್ನು ಒಂದೇ ಕೆಲಸ, ಒಂದೇ ಅಂದಾಜು ಪಟ್ಟಿ. "ಈ ವರ್ಷ ಎಂಜಿನ್ ಹಾಕಿಬಿಡಿ, ಡಿಫರೆನ್ಶಿಯಲ್ ಮುಂದಿನ ವರ್ಷ ನೋಡೋಣ" ಎಂಬ ಏರ್ಪಾಡು ಇರುವುದಿಲ್ಲ. ಜೊತೆಗೆ, ರಸ್ತೆಯ ಕಾರುಗಳಿಗೆ ದೊಡ್ಡ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕುವ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ. ಟ್ರೇಲರ್ ಮೇಲೆ ಹೇರಿಕೊಂಡು ಲಗೂನಾ ಸೆಕಾ, ಥಂಡರ್‌ಹಿಲ್‌ನಂಥ ರೇಸ್ ಟ್ರ್ಯಾಕ್‌ಗಳಿಗೆ ಹೋಗುವ, ನಂಬರ್ ಪ್ಲೇಟ್ ಇಲ್ಲದ ಕಾರುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಇದರಿಂದ ನಿಮ್ಮ ಒಟ್ಟು ಖರ್ಚು ಹೆಚ್ಚುತ್ತದೆ, ಕಾರು ನಮ್ಮ ಬಳಿ ಇರುವ ವಾರಗಳೂ ಹೆಚ್ಚುತ್ತವೆ. ಎರಡಕ್ಕೂ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇವೆ. ಆದರೆ ಈ ನಿರ್ಧಾರವನ್ನು ದುಡ್ಡಿನ ಆಸೆಯಿಂದ ಮಾಡಿದ್ದೇವೆ ಎಂಬ ಮಾತು ಕೆಲವರ ಬಾಯಲ್ಲಿ ಬಂದಿರುವುದರಿಂದ, ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ಮಜ್ದಾ ಆರ್‌ಎಕ್ಸ್-7 ಸ್ಪೋರ್ಟ್ಸ್ ಕಾರಿಗೆ ಷೆವರ್ಲೆ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ ಹಾಕಿಸಿಕೊಂಡವರಿಂದ ನಮಗೆ ಮೇಲಿಂದ ಮೇಲೆ ಬರುವ ದೂರು ಒಂದೇ. "ನನ್ನ ಆರ್‌ಎಕ್ಸ್-7ಗೆ ನೀವು ಹಾಕಿದ್ದು ಕಾರ್ವೆಟ್‌ನ ಎಲ್‌ಎಸ್1 ಎಂಜಿನ್ ತಾನೆ? ಅದೇ ಎಂಜಿನ್ ಕಾರ್ವೆಟ್‌ನಲ್ಲಿ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 28 ಮೈಲಿ ಕೊಡುತ್ತಿತ್ತಂತೆ. ನನ್ನ ಕಾರು ಅದಕ್ಕಿಂತ ಹಗುರ, ಆದರೂ 20 ದಾಟುವುದಿಲ್ಲ. ನಿಮ್ಮ ಟ್ಯೂನಿಂಗ್ ಸರಿಯಿಲ್ಲ." ಈ ಮಾತು ಹೇಳುವವರಲ್ಲಿ ಬಹುಪಾಲು ನಮ್ಮ ಹಳೆಯ, ಪ್ರೀತಿಯ ಗ್ರಾಹಕರೇ ಆಗಿರುವುದರಿಂದ ನಮಗೆ ಹೆಚ್ಚು ನೋವಾಗಿದೆ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮೊದಲು ಆ 28ರ ವಿಷಯ. 1997ರಲ್ಲಿ ಬಂದ ಐದನೇ ತಲೆಮಾರಿನ ಕಾರ್ವೆಟ್‌ನ ಮ್ಯಾನ್ಯುಯಲ್ ಮಾದರಿಗೆ ಅಂದಿನ ಅಧಿಕೃತ ಹೆದ್ದಾರಿ ಅಂಕಿ ಅದು. ಭಾರತದ ಲೆಕ್ಕದಲ್ಲಿ ಲೀಟರಿಗೆ ಸುಮಾರು 12 ಕಿಲೋಮೀಟರ್. 345 ಅಶ್ವಶಕ್ತಿಯ, 5.7 ಲೀಟರಿನ ಎಂಜಿನ್ಗೆ ಅದು ನಿಜಕ್ಕೂ ಮೆಚ್ಚಬೇಕಾದ ಸಾಧನೆ. ಆದರೆ 2008ರ ಮಾದರಿ ಕಾರುಗಳಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ತನ್ನ ಲೆಕ್ಕಾಚಾರದ ವಿಧಾನವನ್ನೇ ಬದಲಿಸಿತು, ಹಳೆಯ ಕಾರುಗಳ ಅಂಕಿಗಳನ್ನೂ ಅದೇ ವಿಧಾನದಲ್ಲಿ ತಗ್ಗಿಸಿ ಪ್ರಕಟಿಸಿತು. ಇಂದು ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥನಾಲ್ ಇರುತ್ತದೆ, ಅದರಿಂದಲೇ ಶೇಕಡ ಮೂರರಷ್ಟು ಮೈಲೇಜ್ ಕಡಿಮೆಯಾಗುತ್ತದೆ. ಆದ್ದರಿಂದ 28 ಎಂಬ ಅಂಕಿಯನ್ನು ಯಾವ ಗ್ಯಾರೇಜಿಗೂ ಮಾನದಂಡವಾಗಿ ಹಿಡಿಯುವುದು ನ್ಯಾಯವಲ್ಲ.

ಇಷ್ಟು ಹೇಳಿಯೂ, 20ಕ್ಕೂ ನಿಜವಾಗಿ ಸಿಗಬೇಕಾದದ್ದಕ್ಕೂ ನಡುವೆ ದೊಡ್ಡ ಅಂತರವಿದೆ ಎಂಬುದನ್ನು ನಾವು ಒಪ್ಪುತ್ತೇವೆ. ಆ ಅಂತರದ ಬಹುಭಾಗ ಡಿಫರೆನ್ಶಿಯಲ್‌ನಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 65 ಮೈಲಿ ವೇಗವನ್ನು ಕಾಯ್ದುಕೊಳ್ಳಲು ಇಂಥ ಕಾರಿಗೆ ಬೇಕಾಗುವುದು 15ರಿಂದ 20 ಅಶ್ವಶಕ್ತಿ ಮಾತ್ರ. ಅಷ್ಟು ಸಣ್ಣ ಕೆಲಸಕ್ಕೆ ಎಂಟು ಸಿಲಿಂಡರನ್ನು ವೇಗವಾಗಿ ತಿರುಗಿಸುವುದೆಂದರೆ ಮದುವೆಮನೆಯ ಹಂಡೆಯಲ್ಲಿ ಒಂದು ಲೋಟ ಹಾಲು ಕಾಯಿಸಿದ ಹಾಗೆ. ಹೆಚ್ಚುಕಡಿಮೆ ಮುಚ್ಚಿಕೊಂಡೇ ಇರುವ ಥ್ರಾಟಲ್‌ನ (ಗಾಳಿಯ ಬಾಗಿಲಿನ) ಎದುರು ಗಾಳಿ ಎಳೆದುಕೊಳ್ಳುವುದರಲ್ಲಿ ಮತ್ತು ಒಳಗಿನ ಘರ್ಷಣೆಯಲ್ಲಿ ಪೆಟ್ರೋಲ್ ವ್ಯಯವಾಗುತ್ತದೆ. ಆ ನಷ್ಟ ತಗ್ಗಬೇಕಾದರೆ ಎಂಜಿನ್ ನಿಧಾನವಾಗಿ ತಿರುಗಬೇಕು. ಕಾರ್ವೆಟ್‌ನ ಆರನೇ ಗೇರಿನ ಅನುಪಾತ 0.50, ಹಿಂದಿನ ಆಕ್ಸಲ್‌ನ ಕ್ರೌನ್ ಅನುಪಾತ 3.42, 65 ಮೈಲಿ ವೇಗದಲ್ಲಿ ಅದರ ಎಂಜಿನ್ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುತ್ತದೆ. ಆರ್‌ಎಕ್ಸ್-7ಗೆ ಮಜ್ದಾ ಕೊಟ್ಟ ಕ್ರೌನ್ 4.10. ಅದು 1.3 ಲೀಟರಿನ, ಹೆಚ್ಚು ಸುತ್ತಿನಲ್ಲೇ ಜೀವ ತುಂಬಿಕೊಳ್ಳುವ ರೋಟರಿ ಎಂಜಿನ್ಗೆ ಹೇಳಿ ಮಾಡಿಸಿದ್ದು. ಅದನ್ನು ಹಾಗೆಯೇ ಉಳಿಸಿಕೊಂಡು ಎಲ್‌ಎಸ್1 ಮತ್ತು ಷೆವರ್ಲೆ ಕ್ಯಾಮರೊ ಕಾರಿನ ಆರು ಗೇರಿನ ಟಿ56 ಗೇರ್‌ಬಾಕ್ಸ್ ಹಾಕಿದರೆ, 255/40 ಆರ್17 ಟೈರಿನ ಮೇಲೆ ಅದೇ ವೇಗಕ್ಕೆ 1,790 ಸುತ್ತು. ಅಂದರೆ ಕಾರ್ವೆಟ್‌ಗಿಂತ ಕಾಲುಭಾಗಕ್ಕೂ ಹೆಚ್ಚು. 3.27ರ ಕ್ರೌನ್ ಇರುವ ಫೋರ್ಡ್ 8.8 ಡಿಫರೆನ್ಶಿಯಲ್ ಕೂರಿಸಿದರೆ ಅದು 1,430ಕ್ಕೆ ಇಳಿಯುತ್ತದೆ. ಎಂಜಿನ್ ಬದಲಾಯಿಸಿಯೂ ಕ್ರೌನ್ ಬದಲಾಯಿಸದವರು ನಮ್ಮ ಟ್ಯೂನಿಂಗ್‌ನಲ್ಲಿ ಹುಡುಕುತ್ತಿರುವ ಮೈಲೇಜ್ ಇಲ್ಲಿದೆ.

ಇಲ್ಲಿ ಬರುವ ಆಕ್ಷೇಪವೂ ನಮಗೆ ಗೊತ್ತು: "3.27 ಹಾಕಿದರೆ ಪಿಕಪ್ ಸತ್ತುಹೋಗುತ್ತದೆ." ಲೆಕ್ಕ ನೋಡಿ. ರೋಟರಿ ಎಂಜಿನ್‌ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 217 ಪೌಂಡ್-ಅಡಿ, ಮೊದಲ ಗೇರ್ 3.48, ಕ್ರೌನ್ 4.10, ಮೂರನ್ನೂ ಗುಣಿಸಿದರೆ ಹಿಂದಿನ ಚಕ್ರಗಳಿಗೆ ಸಿಗುವುದು ಸುಮಾರು 3,100 ಪೌಂಡ್-ಅಡಿ. ಎಲ್‌ಎಸ್1 ಕೊಡುವುದು 350 ಪೌಂಡ್-ಅಡಿ, ಟಿ56ರ ಮೊದಲ ಗೇರ್ 2.66, ಕ್ರೌನ್ 3.27, ಗುಣಿಸಿದರೆ ಸುಮಾರು 3,050. ಹೆಚ್ಚುಕಡಿಮೆ ಮಜ್ದಾದ ಎಂಜಿನಿಯರುಗಳು ಆ ಕಾರಿಗೆ ಕೊಟ್ಟಿದ್ದಷ್ಟೇ. ಅದೂ ಟರ್ಬೊ ತುಂಬಿಕೊಳ್ಳಲು ಕಾಯದೆ, ಬಹಳ ಕಡಿಮೆ ಸುತ್ತಿನಿಂದಲೇ ಬಲವಾಗಿ ಸಿಗುತ್ತದೆ. 4.10 ಉಳಿಸಿಕೊಂಡರೆ ಅದು 3,800 ದಾಟುತ್ತದೆ, ಟೈರ್ ಸುತ್ತಿ ಹೊಗೆಯಾಡುವುದಕ್ಕೆ ಅದರ ಬಹುಪಾಲು ಸೋರಿಹೋಗುತ್ತದೆ. ಶಕ್ತಿ ಬೇಕೆಂದರೆ ಮೈಲೇಜ್ ಬಿಡಬೇಕು ಎಂಬ ನಂಬಿಕೆ ಈ ಒಂದು ಜಾಗದಲ್ಲಂತೂ ಪೂರ್ತಿ ಸುಳ್ಳು, ಮತ್ತು ಇದನ್ನು ಸರಿಹೊಂದಿಸುವ ಕೆಲಸದಲ್ಲಿ ನಮ್ಮ ಗ್ಯಾರೇಜಿಗೆ ಹೆಮ್ಮೆಯಿದೆ.

ಮೈಲೇಜ್ ದೂರಿನೊಂದಿಗೆ ಬಂದ ಕಾರುಗಳಲ್ಲಿ ನಾವು ಮೊದಲು ನೋಡುವುದು ಓಡೋಮೀಟರನ್ನು. ಟಿ56 ಗೇರ್‌ಬಾಕ್ಸಿನ ಹಿಂತುದಿಯಲ್ಲಿ 17 ಹಲ್ಲಿನ ಒಂದು ಸಣ್ಣ ಚಕ್ರವಿದೆ. ಅದರ ಪಕ್ಕದ ಸೆನ್ಸರ್ ಹಲ್ಲುಗಳನ್ನು ಎಣಿಸಿ ಎಂಜಿನ್ನಿನ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರ್ ಕ್ರೌನ್ ಅನುಪಾತ ಮತ್ತು ಟೈರಿನ ಅಳತೆ ಹಿಡಿದು ಅದನ್ನು ಮೈಲಿಗೆ ತಿರುಗಿಸುತ್ತದೆ. ಬೇರೆ ಗ್ಯಾರೇಜಿನಲ್ಲಿ ಕ್ರೌನ್ ಮಾತ್ರ 4.10ರಿಂದ 3.27ಕ್ಕೆ ಬದಲಾಯಿಸಿಕೊಂಡು, ಕಂಪ್ಯೂಟರಿನಲ್ಲಿ 4.10 ಎಂದೇ ಉಳಿದುಹೋದ ಕಾರು ನೂರು ಮೈಲಿ ಓಡಿದರೆ ಎಂಬತ್ತು ಎಂದಷ್ಟೇ ತೋರಿಸುತ್ತದೆ. ಆಗ ನಿಜವಾಗಿ 25 ಕೊಡುತ್ತಿರುವ ಕಾರು ಮಾಲೀಕರ ಲೆಕ್ಕದಲ್ಲಿ 20 ಆಗುತ್ತದೆ. ಎಂಜಿನ್ ಒಬ್ಬರಿಂದ, ಡಿಫರೆನ್ಶಿಯಲ್ ಇನ್ನೊಬ್ಬರಿಂದ, ಟ್ಯೂನಿಂಗ್ ಮೂರನೆಯವರಿಂದ ಮಾಡಿಸಿದಾಗ ಈ ಒಂದು ಅಂಕಿಯನ್ನು ತಿದ್ದುವ ಹೊಣೆ ಯಾರದೂ ಆಗುವುದಿಲ್ಲ. ಕೊನೆಗೆ ಹೆಸರು ಕೆಡುವುದು ಮಾತ್ರ ಎಂಜಿನ್ ಹಾಕಿದವರದು.

ಈಗ ಕ್ಯಾಮ್‌ಶಾಫ್ಟ್. ನಿಂತಲ್ಲೇ ಗುಡುಗುಟ್ಟುವ ಆ ಶಬ್ದದ ಮೇಲಿನ ಪ್ರೀತಿ ನಮಗೂ ಇದೆ, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ದೊಡ್ಡ ಕ್ಯಾಮ್‌ನಲ್ಲಿ ಒಳಬರುವ ವಾಲ್ವ್ ಮತ್ತು ಹೊರಹೋಗುವ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚು. ಕಡಿಮೆ ಸುತ್ತಿನಲ್ಲಿ ಗಾಳಿ ಸುಡದೆಯೇ ಎಕ್ಸಾಸ್ಟ್‌ಗೆ ಜಾರುತ್ತದೆ. ಅಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಸಾಲುತ್ತಿಲ್ಲ ಎಂದು ವರದಿ ಮಾಡುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಆರನೇ ಗೇರಿನಲ್ಲಿ 1,430 ಸುತ್ತಿಗೆ ಇಂಥ ಎಂಜಿನ್ ಜರ್ಕ್ ಹೊಡೆಯುವುದರಿಂದ ಮಾಲೀಕರು ಐದನೇ ಗೇರಿನಲ್ಲೇ ಲಾಸ್ ಏಂಜಲೀಸ್ ತನಕ ಹೋಗುತ್ತಾರೆ, ಅಲ್ಲಿಗೆ ಕ್ರೌನ್‌ಗೆ ಕೊಟ್ಟ ಹಣ ನೀರುಪಾಲು. ಕಾನೂನೂ ಇದೆ. ಈ ರಾಜ್ಯದಲ್ಲಿ ಹೊಗೆ ನಿಯಂತ್ರಣದ ಮೇಲೆ ಪರಿಣಾಮ ಬೀರುವ ಹೊರಗಿನ ಬಿಡಿಭಾಗಕ್ಕೆ ವಾಯು ಸಂಪನ್ಮೂಲ ಮಂಡಳಿಯ ಎಕ್ಸಿಕ್ಯುಟಿವ್ ಆರ್ಡರ್ (ಅನುಮೋದನೆ) ಸಂಖ್ಯೆ ಇರಬೇಕು. ಎಂಜಿನ್ ಬದಲಾಯಿಸಿದ ಕಾರು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ನೇಮಿಸಿದ ರೆಫರಿಯ (ಪರೀಕ್ಷಕರ) ಮುಂದೆ ಹೋಗಿ ಪಾಸಾಗಬೇಕು. ಎಂಜಿನ್ ಕಾರಿನ ವರ್ಷದ್ದೇ ಅಥವಾ ಅದಕ್ಕಿಂತ ಹೊಸದಾಗಿರಬೇಕು, ಆ ಎಂಜಿನ್ ಜೊತೆ ಕಂಪನಿ ಕೊಟ್ಟಿದ್ದ ಹೊಗೆ ನಿಯಂತ್ರಣದ ಸಲಕರಣೆ ಪೂರ್ತಿಯಾಗಿ ಜೊತೆಗೇ ಬರಬೇಕು.

ಖರ್ಚಿನ ವಿಷಯಕ್ಕೆ ಬರುತ್ತೇವೆ, ಏಕೆಂದರೆ ನಮ್ಮ ಮೇಲೆ ಅತ್ಯಂತ ಅನ್ಯಾಯದ ಮಾತು ಬರುವುದು ಇಲ್ಲೇ. ಬಿಲ್ಲಿನಲ್ಲಿ ಕಣ್ಣಿಗೆ ಹೊಡೆಯುವ ಸಾಲು ಕ್ಯಾಟಲಿಟಿಕ್ ಕನ್ವರ್ಟರ್. ಪಕ್ಕದ ನೆವಾಡಾದಲ್ಲೋ ಅರಿಜೋನಾದಲ್ಲೋ ಇದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ ಎಂದು ಅಲ್ಲಿಯ ಬೆಲೆಯಿರುವ ಪುಟದ ಚಿತ್ರವನ್ನು ನಮಗೆ ಕಳಿಸಿದವರಿದ್ದಾರೆ. ಸಿಗುತ್ತದೆ, ನಿಜ. ಆದರೆ ಅದರ ಮೇಲೆ ಕ್ಯಾಲಿಫೋರ್ನಿಯಾದ ಅನುಮೋದನೆ ಸಂಖ್ಯೆ ಇರುವುದಿಲ್ಲ. ರೆಫರಿ ಕಾರಿನಡಿ ಬಾಗಿ ದೀಪ ಹಿಡಿದು ಓದುವುದು ಆ ಸಂಖ್ಯೆಯನ್ನೇ. ಅನುಮೋದನೆ ಇರುವ ಕನ್ವರ್ಟರಿನಲ್ಲಿ ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹ ಹೆಚ್ಚಿರುವುದರಿಂದ ಬೆಲೆಯೂ ಹೆಚ್ಚು, ಅದನ್ನು ಇಳಿಸುವುದು ನಮ್ಮ ಕೈಯಲ್ಲಿಲ್ಲ. ಗುಜರಿಯಿಂದ ಬರುವ ಒಳ್ಳೆಯ ಅಲ್ಯೂಮಿನಿಯಂ ಎಲ್‌ಎಸ್ ಎಂಜಿನ್‌ಗಳ ಬೆಲೆ ಏರಿದ್ದಕ್ಕೂ ಇದೇ ಮಾತು. ದೇಶದಲ್ಲಿ ಎಲ್ಲರೂ ಅದನ್ನೇ ಹುಡುಕುತ್ತಿದ್ದಾರೆ.

ಟ್ಯೂನಿಂಗ್‌ನ ಕೂಲಿಯನ್ನು ಪ್ರಶ್ನಿಸುವವರಿಗೆ ಇಷ್ಟು ಹೇಳಬೇಕು. ಡೈನೊ (ಅಶ್ವಶಕ್ತಿ ಅಳೆಯುವ ಯಂತ್ರ) ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಅಶ್ವಶಕ್ತಿಯ ಅಂಕಿ ತೆಗೆಯಲು ಕೆಲವು ಸೆಕೆಂಡು ಸಾಕು, ಮತ್ತು ಎಲ್ಲರೂ ಹಣ ಕೊಡಲು ಸಿದ್ಧರಿರುವುದು ಆ ಕಾಗದಕ್ಕೆ. ಆದರೆ ನೀವು ಪ್ರತಿದಿನ ಓಡಿಸುವುದು ಕಾಲುಭಾಗವಷ್ಟೇ ತೆರೆದ ಥ್ರಾಟಲ್‌ನಲ್ಲಿ. ಆ ಭಾಗದ ಇಂಧನ ಮತ್ತು ಸ್ಪಾರ್ಕ್ ಕೋಷ್ಟಕಗಳನ್ನು ಒಂದೊಂದೇ ಮನೆಯಾಗಿ ತಿದ್ದಬೇಕು, ಅದು ರಸ್ತೆಯ ಮೇಲೆಯೇ ಆಗಬೇಕು. ಟೆಕ್ಸಾಸಿನಿಂದ ಅಂಚೆಯಲ್ಲಿ ಅಗ್ಗದ ಟ್ಯೂನ್ ತರಿಸಿಕೊಂಡವರ ಕಾರುಗಳನ್ನೂ ನೋಡಿದ್ದೇವೆ. ಅದು ಅಲ್ಲಿಯ 93 ಆಕ್ಟೇನ್ ಪೆಟ್ರೋಲಿಗೆ ಮಾಡಿದ್ದು (ಈ ಅಂಕಿ ಹೆಚ್ಚಿದಷ್ಟೂ ನಾಕ್ ಕಡಿಮೆ). ನಮ್ಮ ಬಂಕುಗಳಲ್ಲಿ ಪ್ರೀಮಿಯಂ ಎಂದರೆ 91. ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ನಾಕ್ ಆಗತೊಡಗಿದೊಡನೆ ಕಂಪ್ಯೂಟರ್ ಸ್ಪಾರ್ಕನ್ನು ತಡಮಾಡಿ ಕಡಿಮೆ ಆಕ್ಟೇನ್‌ನ ಕೋಷ್ಟಕದ ಕಡೆ ಜಾರುತ್ತದೆ. ಅಶ್ವಶಕ್ತಿಯೂ ಹೋಯಿತು, ಮೈಲೇಜೂ ಹೋಯಿತು.

ಆದ್ದರಿಂದ ಹೊಸ ನಿಯಮದಲ್ಲಿ, ಮುಗಿದ ಪ್ರತಿಯೊಂದು ಕಾರನ್ನೂ ನಾವೇ ಓಡಿಸಿ ಅಳೆದು ಕೊಡುತ್ತೇವೆ. ಫ್ರೀಮಾಂಟಿನಲ್ಲಿ ಒಂದು ಬಂಕಿನಲ್ಲಿ ತುಂಬಿಸಿ, ಆಲ್ಟಮಾಂಟ್ ಪಾಸ್ ದಾಟಿ ಇಂಟರ್‌ಸ್ಟೇಟ್ 5ರಲ್ಲಿ ಸಾಂಟಾ ನೆಲ್ಲಾ ತನಕ ಹೋಗಿ, ಪಚೆಕೊ ಪಾಸ್ ಮೂಲಕ ಗಿಲ್ರಾಯ್‌ಗೆ ಇಳಿದು, 101ನೇ ಹೆದ್ದಾರಿಯ ಟ್ರಾಫಿಕ್‌ನಲ್ಲಿ ವಾಪಸು ಬಂದು ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತುಂಬಿಸುತ್ತೇವೆ. ದೂರವನ್ನು ಜಿಪಿಎಸ್‌ನಿಂದ ತೆಗೆದುಕೊಂಡು, ಓಡೋಮೀಟರಿನ ಜೊತೆ ತಾಳೆ ನೋಡಿ ಬರೆಯುತ್ತೇವೆ. ಬಂಕಿನ ರಸೀದಿ, ಚಕ್ರದಲ್ಲಿ ಅಳೆದ ಅಶ್ವಶಕ್ತಿಯ ಹಾಳೆ, ರೆಫರಿಯ ಪ್ರಮಾಣಪತ್ರ, ಮೂರೂ ಕೀಲಿಕೈ ಜೊತೆ ನಿಮ್ಮ ಕೈ ಸೇರುತ್ತವೆ. ಚಕ್ರದಲ್ಲಿ ಅಳೆದ ಅಂಕಿ ಕಂಪನಿ ಹೇಳಿದ್ದಕ್ಕಿಂತ ಶೇಕಡ 15ರಷ್ಟು ಕಡಿಮೆಯೇ ಇರುತ್ತದೆ, ಗೇರ್‌ಬಾಕ್ಸ್ ಮತ್ತು ಆಕ್ಸಲ್ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ದಯವಿಟ್ಟು ಅದನ್ನು ದೋಷವೆಂದು ಎಣಿಸಬೇಡಿ.

ಎಲ್ಲರಿಗೂ ಎಲ್‌ಎಸ್1ನಂಥ ಎಂಟು ಸಿಲಿಂಡರಿನ ವಿ8 ಬೇಕಾಗಿಲ್ಲ ಎಂಬುದನ್ನೂ ಈ ಸಂದರ್ಭದಲ್ಲಿ ಹೇಳಿಬಿಡುತ್ತೇವೆ, ನಮಗೆ ಅದರಿಂದ ವ್ಯಾಪಾರ ಕಡಿಮೆಯಾದರೂ ಸರಿ. ದಿನಾ ಆಫೀಸಿಗೆ ಮಜ್ದಾದ ಸಣ್ಣ ಸ್ಪೋರ್ಟ್ಸ್ ಕಾರು ಮಿಯಾಟಾ ಓಡಿಸುವವರಿಗೆ ಆಕ್ಯುರಾ ಟಿಎಸ್ಎಕ್ಸ್‌ನ 2.4 ಲೀಟರ್ ಕೆ24 ಎಂಜಿನ್ ಧಾರಾಳ ಸಾಕು. ಮೊದಲ ಮಿಯಾಟಾದ 116 ಅಶ್ವಶಕ್ತಿಯ ಜಾಗದಲ್ಲಿ 200 ಬರುತ್ತದೆ, ಕಾರಿನ ಮೂಗು ಭಾರವಾಗುವುದಿಲ್ಲ. ಐದು ಗೇರಿನ ಹಳೆಯ ಬಾಕ್ಸ್ ಉಳಿಸಿಕೊಂಡರೂ, ಕ್ರೌನನ್ನು 4.30ರಿಂದ 3.63ಕ್ಕೆ ಬದಲಾಯಿಸಿದರೆ 65 ಮೈಲಿಯಲ್ಲಿ ಸುಮಾರು 3,300 ಇದ್ದ ಸುತ್ತು 2,800ಕ್ಕೆ ಬರುತ್ತದೆ.

ಈಗಾಗಲೇ ಮುಂಗಡ ಕೊಟ್ಟವರ ಕೆಲಸ ಹಳೆಯ ದರದಲ್ಲೇ, ಹಳೆಯ ಒಪ್ಪಂದದಂತೆಯೇ ನಡೆಯುತ್ತದೆ. ಒಂದು ಡಾಲರನ್ನೂ ಹೆಚ್ಚು ಕೇಳುವುದಿಲ್ಲ. ಹೊಸ ಪದ್ಧತಿಯಲ್ಲಿ ಹಣವನ್ನು ಮೂರು ಕಂತುಗಳಲ್ಲಿ ಕೊಡಬಹುದು, ಕೊನೆಯ ಕಂತು ರಸ್ತೆಯ ಅಳತೆ ಮುಗಿದು ಹಾಳೆ ನಿಮ್ಮ ಕೈಗೆ ಬಂದ ಮೇಲೆ. ಹಿಂದೆ ನಮ್ಮಲ್ಲಿ ಎಂಜಿನ್ ಹಾಕಿಸಿಕೊಂಡು ಮೈಲೇಜ್ ಬಗ್ಗೆ ಬೇಸರವಿರುವವರು ಯಾವ ಶನಿವಾರ ಬೆಳಿಗ್ಗೆಯಾದರೂ ಕಾರು ತನ್ನಿ. ಓಡೋಮೀಟರಿನ ತಾಳೆ ಮತ್ತು ಕಂಪ್ಯೂಟರಿನಲ್ಲಿರುವ ಕ್ರೌನ್, ಟೈರ್ ಅಂಕಿಗಳ ತಿದ್ದುಪಡಿಯನ್ನು ಶುಲ್ಕವಿಲ್ಲದೆ ಮಾಡಿಕೊಡುತ್ತೇವೆ. ಬರುವಾಗ ಇತ್ತೀಚಿನ ಕೆಲವು ಪೆಟ್ರೋಲ್ ರಸೀದಿಗಳು ಜೊತೆಗಿದ್ದರೆ ಲೆಕ್ಕಕ್ಕೆ ಅನುಕೂಲ.

ನಿಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಮಾಲೀಕರು ಮತ್ತು ಮೆಕ್ಯಾನಿಕ್ ಬಳಗ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ